ಹವಾಲಾ: ಒಬೈದ್ ಸಿದ್ದೀಕಿ ಮತ್ತು ಉಲ್ಲೇಖಗಳ ಲೆಕ್ಕ

ನಾವು ಉರ್ದು ಶಾಲೆಯಲ್ಲಿ ಓದುತ್ತಿದ್ದಾಗ 'ಹವಾಲಾ' ಎಂಬುದು ಬಹಳ ಮರ್ಯಾದಸ್ತ ಪದವಾಗಿತ್ತು. ಪ್ರಬಂಧದಲ್ಲಿ ಬೇರೆ ಯಾರದಾದರೂ ಮಾತನ್ನು ಬಳಸಿಕೊಂಡರೆ ಹವಾಲಾ ಕೊಡಬೇಕು. ಎಂದರೆ ಅದು ಯಾರ ಮಾತು, ಯಾವ ಕಿತಾಬಿನದು ಎಂದು ಹೇಳಬೇಕು. ಕೊಡದವನನ್ನು ಉಸ್ತಾದರು ಕಳ್ಳನನ್ನು ನೋಡಿದಂತೆ ನೋಡುತ್ತಿದ್ದರು. ಮುಂದೆ ಕನ್ನಡ ಹೈಸ್ಕೂಲಿಗೆ ಬಂದು ಕನ್ನಡ ಪತ್ರಿಕೆ ಓದತೊಡಗಿದಾಗ ಅದೇ ಪದ ಬೇರೊಂದು ವೇಷದಲ್ಲಿ ಎದುರಾಯಿತು. 1990ರ ದಶಕದಲ್ಲಿ ದಿಲ್ಲಿಯ ದೊಡ್ಡ ದೊಡ್ಡ ರಾಜಕಾರಣಿಗಳನ್ನು ನಡುಗಿಸಿದ ಹವಾಲಾ ಹಗರಣದ ಕಾಲ ಅದು. ಕನ್ನಡದಲ್ಲಿ ಹವಾಲಾ ಎಂದರೆ ಕಳ್ಳ ಹಣದ ರವಾನೆ ಎಂದು ಅಂದು ತಿಳಿಯಿತು. ಉರ್ದುವಿನ ಸಭ್ಯ ಪದವೊಂದು ಕನ್ನಡಕ್ಕೆ ಬಂದು ಹೀಗೇಕೆ ಕೆಟ್ಟುಹೋಯಿತು ಎಂದು ನಮಗೆ ಸಂಕಟವಾಗಿತ್ತು.

ಎಷ್ಟೋ ವರ್ಷಗಳ ನಂತರ ಗೊತ್ತಾಯಿತು, ಎರಡಕ್ಕೂ ತಾಯಿ ಒಂದೇ. ಫಿಕ್ಹ್ ಗ್ರಂಥಗಳಲ್ಲಿ ಹವಾಲಾ ಎಂದರೆ ಸಾಲದ ವರ್ಗಾವಣೆ. ಒಬ್ಬನು ತೀರಿಸಬೇಕಾದ ಸಾಲದ ಹೊಣೆಯನ್ನು ಇನ್ನೊಬ್ಬನ ಮೇಲೆ ಹಾಕುವ ಕರಾರು. ಇಮಾಮ್ ಬುಖಾರಿಯವರ ಸಹೀಹ್‌ನಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಬರಹದಲ್ಲಿ ಹವಾಲಾ ಕೊಡುವವನೂ ಒಂದು ಬಗೆಯಲ್ಲಿ ಸಾಲವನ್ನೇ ಒಪ್ಪಿಕೊಳ್ಳುತ್ತಾನೆ. ಈ ಮಾತು ನನ್ನದಲ್ಲ, ಇಂಥವರದು, ಇದರ ಹೊಣೆ ಅವರದು, ನಾನು ಅವರಿಗೆ ಋಣಿ ಎನ್ನುತ್ತಾನೆ.

ಇದೆಲ್ಲ ಮತ್ತೆ ನೆನಪಾದದ್ದು ನಮ್ಮ ತಂಗಿಯ ಮಗನಿಂದ. ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಜಿಲ್ಲಾ ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಒಂದು ಸುದ್ದಿ ಬರುತ್ತದೆ: ಜಗತ್ತಿನ ಶ್ರೇಷ್ಠ ಶೇಕಡಾ 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಇಂಥ ಕಾಲೇಜಿನ ಇಂಥ ಪ್ರಾಧ್ಯಾಪಕರು. ಪಕ್ಕದಲ್ಲಿ ಶಾಲು ಹೊದ್ದ ಫೋಟೋ. ಅದನ್ನು ನೋಡುತ್ತ, ಈ ಪಟ್ಟಿಗಳ ಗದ್ದಲದಲ್ಲಿ ನಮ್ಮವರಿಗೆ ಒಬೈದ್ ಸಿದ್ದೀಕಿಯವರ ಹೆಸರೇ ಮರೆತುಹೋಗಿದೆಯಲ್ಲ ಎಂದೆವು. ಹುಡುಗ ಮೊಬೈಲಿನಿಂದ ತಲೆಯೆತ್ತಿ ಕೇಳಿದ: "ಮಾಮೂ, ಅವರ ಎಚ್-ಇಂಡೆಕ್ಸ್ ಎಷ್ಟು?"

ಸಿಟ್ಟು ಬಂತು. ಆದರೆ ಅವನ ತಪ್ಪೇನೂ ಇರಲಿಲ್ಲ. ಅವನನ್ನು ಅಳೆಯುವವರು ಅದೇ ಅಳತೆಗೋಲು ಹಿಡಿದು ಕೂತಿದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡುವ ಬದಲು, ಅಂಥ ಪ್ರಶ್ನೆ ಎಲ್ಲಿಂದ ಬಂತು ಎಂದು ನಾವು ಹುಡುಕಿಕೊಂಡು ಹೋದೆವು. ಹಾಗೆ ಹೋದಾಗ ಸಿದ್ದೀಕಿಯವರ ಬದುಕೂ ಉಲ್ಲೇಖಗಳನ್ನು ಎಣಿಸುವ ಪದ್ಧತಿಯ ಚರಿತ್ರೆಯೂ ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಅಕ್ಕಪಕ್ಕ ನಿಂತಿದ್ದದ್ದು ಕಂಡು ಬೆರಗಾಯಿತು.

ಒಬೈದ್ ಸಿದ್ದೀಕಿ ಹುಟ್ಟಿದ್ದು 1932ರ ಜನವರಿ 7ರಂದು, ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ. ಓದಿದ್ದು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ. ಮೊದಲು ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದರು. ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಆಲಿಕಲ್ಲು ಮಳೆ ಬಿದ್ದು ಪ್ರಯೋಗದ ಬೆಳೆಯೆಲ್ಲ ನಾಶವಾಯಿತಂತೆ. ಹೊಲದಲ್ಲಿ ಬೆಳೆಯುವ ಗಿಡಕ್ಕಿಂತ ಗಾಜಿನ ತಟ್ಟೆಯಲ್ಲಿ ಬೆಳೆಯುವ ಬೂಷ್ಟು ವಾಸಿ ಎನಿಸಿರಬೇಕು. ಅವರು ಸೂಕ್ಷ್ಮಜೀವಿಗಳ ತಳಿಶಾಸ್ತ್ರದ ಕಡೆ ಹೊರಳಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋದರು. ಅಲ್ಲಿ ಅವರ ಗುರು ಗುಯಿಡೋ ಪಾಂಟೆಕೋರ್ವೋ. ಈತ ಇಟಲಿಯ ಯಹೂದಿ. ಮುಸೊಲಿನಿಯ ಜನಾಂಗೀಯ ಕಾನೂನುಗಳಿಂದಾಗಿ 1938ರಲ್ಲಿ ಕೆಲಸ ಕಳೆದುಕೊಂಡು ದೇಶ ಬಿಟ್ಟು ಬಂದಿದ್ದವರು. ನೆಲೆ ತಪ್ಪಿದ ಯಹೂದಿ ಗುರುವಿನ ಕೈಕೆಳಗೆ ಅಲೀಗಢದ ಮುಸ್ಲಿಂ ಹುಡುಗನೊಬ್ಬ ಬೂಷ್ಟಿನ ಜೀನುಗಳ ಒಳರಚನೆಯನ್ನು ಬಿಡಿಸಿ ನೋಡಿ 1961ರಲ್ಲಿ ಪಿಎಚ್.ಡಿ. ಪಡೆದ.

ಅಲ್ಲಿಂದ ಅಮೆರಿಕದ ಫಿಲಡೆಲ್ಫಿಯ ನಗರಕ್ಕೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಅಲನ್ ಗೇರನ್ ಜೊತೆ ಕೆಲಸ. ಆಗಿನ ದೊಡ್ಡ ಪ್ರಶ್ನೆ, ಡಿಎನ್ಎ ಎಂಬ ಲಿಪಿಯನ್ನು ಜೀವಕೋಶ ಓದುವುದು ಹೇಗೆ ಎಂಬುದು. ಮಾಲಿಕ್ಯುಲರ್ ಬಯಾಲಜಿ ಎನ್ನುವುದು, ಕನ್ನಡದಲ್ಲಿ ಅಣುಜೀವವಿಜ್ಞಾನ ಎನ್ನೋಣ, ಮುಖ್ಯವಾಗಿ ಈ ಲಿಪಿಯ ಓದೇ. ಅದರ ಅಕ್ಷರಗಳು ನಾಲ್ಕು, ಪದಗಳು ಮೂರು ಮೂರು ಅಕ್ಷರದವು, ಒಟ್ಟು 64 ಪದಗಳು. ಅವುಗಳಲ್ಲಿ 61 ಪದಗಳು ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲಗಳನ್ನು ಹೆಸರಿಸುತ್ತವೆ. ಉಳಿದ ಮೂರಕ್ಕೆ ಆ ಅರ್ಥವಿಲ್ಲ; ಅವು ಪೂರ್ಣವಿರಾಮಗಳು. ಇದು ಈಗ ಪಿಯುಸಿ ಮಕ್ಕಳಿಗೂ ಗೊತ್ತು. 1962ರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೇರನ್ ಮತ್ತು ಸಿದ್ದೀಕಿ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ತಯಾರಿಸಲಾಗದಂತೆ ಕೆಟ್ಟುಹೋದ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಕೆಲವು ವಿಚಿತ್ರವಾಗಿದ್ದವು. ಜೀನಿನಲ್ಲಿ ತಪ್ಪು ಇರುವ ಜಾಗ ಬೇರೆ ಬೇರೆ, ಆದರೆ ಎಲ್ಲೋ ದೂರದ ಇನ್ನೊಂದು ಜೀನಿನಲ್ಲಿ ಆದ ಒಂದೇ ಬದಲಾವಣೆ ಅವೆಲ್ಲವನ್ನೂ ಒಟ್ಟಿಗೆ ಸರಿಪಡಿಸುತ್ತಿತ್ತು. ಹಾಗಿದ್ದರೆ ಜಾಗ ಬೇರೆಯಾದರೂ ತಪ್ಪು ಒಂದೇ ಬಗೆಯದು ಎಂದಾಯಿತು. ವಾಕ್ಯದ ನಡುವೆ ಬರಬಾರದ ಕಡೆ ಅರ್ಥವಿಲ್ಲದ ಪದವೊಂದು ಬಂದು ಕುಳಿತಿದೆ. ಓದು ಅಲ್ಲಿಗೇ ನಿಲ್ಲುತ್ತಿದೆ. ಆ ವರ್ಷ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧ, ಜೀವಲಿಪಿಯ ಪೂರ್ಣವಿರಾಮಗಳನ್ನು ಪತ್ತೆಮಾಡಿದ ದಾರಿಯಲ್ಲಿ ಮೊದಮೊದಲ ಹೆಜ್ಜೆಗಳಲ್ಲೊಂದು. ಸೇಮೂರ್ ಬೆಂಜರ್ ಮತ್ತು ಅವರ ಸಂಗಡಿಗರೂ ಅದೇ ವರ್ಷ ಬೇರೊಂದು ಜೀವಿಯಲ್ಲಿ ಅಂಥದೇ ತೀರ್ಮಾನಕ್ಕೆ ಬಂದಿದ್ದರು. ಆ ಪದಗಳು ಯಾವುವು ಎಂದು ಖಚಿತವಾಗಿ ಓದಲಾದದ್ದು 1965ರ ಹೊತ್ತಿಗೆ.

ಇದೇ ಫಿಲಡೆಲ್ಫಿಯದಲ್ಲಿ, ಇದೇ ಹೊತ್ತಿನಲ್ಲಿ, ಯೂಜೀನ್ ಗಾರ್ಫೀಲ್ಡ್ ಎಂಬಾತ ಒಂದು ಖಾಸಗಿ ಸಂಸ್ಥೆ ಕಟ್ಟಿಕೊಂಡು ಯಾರು ಯಾರಿಗೆ ಹವಾಲಾ ಕೊಟ್ಟಿದ್ದಾರೆ ಎಂದು ಪಟ್ಟಿ ಮಾಡುತ್ತಿದ್ದ. ಇದರ ಐಡಿಯಾ ಬಂದದ್ದು ವಕೀಲರಿಂದ. ಅಮೆರಿಕದಲ್ಲಿ 1873ರಿಂದಲೂ ಶೆಪರ್ಡ್ಸ್ ಸೈಟೇಶನ್ಸ್ ಎಂಬ ಪುಸ್ತಕವಿತ್ತು. ಒಂದು ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ಅದರಲ್ಲಿ ನೋಡಬಹುದಿತ್ತು. ವಿಜ್ಞಾನಕ್ಕೂ ಇಂಥದೊಂದು ಬೇಕು ಎಂದು ಗಾರ್ಫೀಲ್ಡ್ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ. ಅವನ ಮೂಲ ಉದ್ದೇಶ ಯಾರು ದೊಡ್ಡವರು ಎಂದು ಅಳೆಯುವುದಾಗಿರಲಿಲ್ಲ. ಸುಳ್ಳು, ಅರೆಬೆಂದ, ಹಳಸಿದ ಮಾಹಿತಿಯನ್ನು ಜನ ಕಣ್ಣುಮುಚ್ಚಿ ಉಲ್ಲೇಖಿಸುತ್ತಾರೆ. ಆ ಬರಹದ ಬಗ್ಗೆ ಮುಂದಿನವರು ಎತ್ತಿದ ಆಕ್ಷೇಪ ಕಣ್ಣಿಗೆ ಬಿದ್ದರೆ ಹಾಗಾಗದು ಎಂಬುದು ಅವನ ವಾದ. ಹದೀಸ್ ವಿದ್ವಾಂಸರ 'ಜರ್ಹ್ ವ ತಅದೀಲ್' ಶಾಸ್ತ್ರದ ಬಗ್ಗೆ, ಎಂದರೆ ವರದಿಗಾರರ ದೋಷಗುಣಗಳನ್ನು ಜಾಲಾಡುವ ಶಾಸ್ತ್ರದ ಬಗ್ಗೆ ಸ್ವಲ್ಪ ಓದಿಕೊಂಡ ನಮಗೆ ಈ ಮಾತು ಅಪರಿಚಿತ ಎನಿಸಲಿಲ್ಲ.

ನೊಬೆಲ್ ಪಡೆದ ತಳಿವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಗಾರ್ಫೀಲ್ಡನಿಗೆ ಬೆಂಬಲವಾಗಿ ನಿಂತರು. ಹಾಗಾಗಿ 1963ರಲ್ಲಿ ಪ್ರಯೋಗಾರ್ಥವಾಗಿ ಹೊರಬಂದ ಮೊದಲ ಪಟ್ಟಿ ತಳಿವಿಜ್ಞಾನದ್ದೇ ಆಯಿತು: ಜೆನೆಟಿಕ್ಸ್ ಸೈಟೇಶನ್ ಇಂಡೆಕ್ಸ್. ಬೆನ್ನಿಗೇ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂತು. ಆ ಪಟ್ಟಿಗಳು ಅಚ್ಚಾಗುವ ಹೊತ್ತಿಗೆ ಸಿದ್ದೀಕಿ ಫಿಲಡೆಲ್ಫಿಯ ಬಿಟ್ಟು ಮುಂಬಯಿಗೆ ಬಂದಾಗಿತ್ತು.

ಅವರನ್ನು ಕರೆಸಿಕೊಂಡವರು ಹೋಮಿ ಭಾಭಾ. 1962ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಎಂದರೆ ಟಿಐಎಫ್‌ಆರ್‌ನಲ್ಲಿ, ಮಾಲಿಕ್ಯುಲರ್ ಬಯಾಲಜಿಗೆ ಒಂದು ಘಟಕ ಕಟ್ಟಲು ಭಾಭಾ ಆರಿಸಿದ್ದು ಮೂವತ್ತು ವರ್ಷದ ಸಿದ್ದೀಕಿಯವರನ್ನು. ಭೌತವಿಜ್ಞಾನಿಗಳೂ ಗಣಿತಜ್ಞರೂ ತುಂಬಿದ ಆ ಸಂಸ್ಥೆಯಲ್ಲಿ ಬ್ಯಾಕ್ಟೀರಿಯಾ ಸಾಕುವವನಿಗೆ ಜಾಗ ಕೊಡುವುದು ಸಣ್ಣ ಮಾತಲ್ಲ. ಯಾವ ಆಧಾರದ ಮೇಲೆ ಕೊಟ್ಟರು? ಸಿದ್ದೀಕಿಯವರ ಹೆಸರಿನಲ್ಲಿ ಇದ್ದ ಪ್ರಬಂಧಗಳು ಬೆರಳೆಣಿಕೆಯವು. ಉಲ್ಲೇಖ ಎಣಿಸುವ ಪಟ್ಟಿ ಇನ್ನೂ ಹುಟ್ಟಿರಲಿಲ್ಲ. ಭಾಭಾ ಕೈಯಲ್ಲಿ ಇದ್ದದ್ದು ಪತ್ರಗಳು. ಅಣುಬಾಂಬಿನ ಚರಿತ್ರೆ ಓದಿದವರಿಗೆ ಗೊತ್ತಿರುವ ಲಿಯೋ ಜಿಲಾರ್ಡ್ ಆಗ ಜೀವವಿಜ್ಞಾನದ ಕಡೆ ತಿರುಗಿದ್ದರು. ಈ ಯುವಕನ ಬಗ್ಗೆ ಭಾಭಾಗೆ ಬರೆದವರು ಅವರು. ಕೆಲಸ ನೋಡಿದವರು, ಕೆಲಸ ಓದಿ ತಿಳಿಯಬಲ್ಲವರು ಹೇಳಿದ ಮಾತನ್ನು ಭಾಭಾ ನಂಬಿದರು.

ಇದನ್ನು ಓದಿ ನಾವು ಸುಮ್ಮನೆ ಖುಷಿಪಡಲಾರೆವು. ಏಕೆಂದರೆ ಪತ್ರದ ಬಲಕ್ಕೆ ನಮ್ಮ ಕಡೆ ಇನ್ನೊಂದು ಹೆಸರಿದೆ: ಸಿಫಾರಿಶ್. ಕನ್ನಡದಲ್ಲಿ ಶಿಫಾರಸು. ದೊಡ್ಡವರ ಪರಿಚಯವಿದ್ದವನಿಗೆ ಕೆಲಸ, ಇಲ್ಲದವನಿಗೆ ಬಾಗಿಲು. ಹೆಸರು ನೋಡಿಯೇ ಸಂದರ್ಶನದ ಗತಿ ತೀರ್ಮಾನವಾಗುತ್ತದೆ ಎಂದು ಅನುಮಾನಿಸುವ ಎಷ್ಟೋ ಹುಡುಗ ಹುಡುಗಿಯರು ನಮ್ಮ ಸಮುದಾಯದಲ್ಲಿದ್ದಾರೆ. ದಲಿತರಲ್ಲಿ, ಹಳ್ಳಿಯಿಂದ ಬಂದವರಲ್ಲೂ ಇದ್ದಾರೆ. ಅಂಥವರಿಗೆ ಅಂಕಿ ಒಂದು ಗುರಾಣಿ. 'ನನ್ನ ಪ್ರಬಂಧವನ್ನು ಇಷ್ಟು ಜನ ಉಲ್ಲೇಖಿಸಿದ್ದಾರೆ ಸ್ವಾಮಿ, ಈಗೇನು ಹೇಳುತ್ತೀರಿ?' ಎಂದು ಕೇಳಲು ಒಂದು ಆಸರೆ. ನಮ್ಮ ತಂಗಿಯ ಮಗ ಹೇಳಿದ್ದೂ ಇದನ್ನೇ: "ನನಗಾಗಿ ಪತ್ರ ಬರೆಯೋರು ಯಾರಿದ್ದಾರೆ ಮಾಮೂ? ನಂಬರ್ ಆದರೆ ಯಾರ ಮುಲಾಜೂ ನೋಡಲ್ಲ." ಇದಕ್ಕೆ ಥಟ್ಟನೆ ಕೊಡಬಹುದಾದ ಉತ್ತರ ನಮ್ಮಲ್ಲಿರಲಿಲ್ಲ.

ಆದರೆ ಆ ನಂಬರು ನಿಜಕ್ಕೂ ಮುಲಾಜು ನೋಡುವುದಿಲ್ಲವೇ? ಅದು ಏನನ್ನು ಎಣಿಸುತ್ತದೆ ಎಂದು ಸ್ವಲ್ಪ ನೋಡಬೇಕು.

ಮೊದಲು ಇಂಪ್ಯಾಕ್ಟ್ ಫ್ಯಾಕ್ಟರ್. ಒಂದು ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷಗಳಲ್ಲಿ ಬಂದ ಬರಹಗಳಿಗೆ ಈ ವರ್ಷ ಎಷ್ಟು ಉಲ್ಲೇಖಗಳು ದೊರೆತವು ಎಂದು ಎಣಿಸಿ, ಬರಹಗಳ ಸಂಖ್ಯೆಯಿಂದ ಭಾಗಿಸುವುದು. ಇದು ಪತ್ರಿಕೆಯ ಸರಾಸರಿ, ಬರೆದವನ ಯೋಗ್ಯತೆಯಲ್ಲ. ಗಾರ್ಫೀಲ್ಡ್ ಇದನ್ನು ಬಳಸಿದ್ದು ತನ್ನ ಪಟ್ಟಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂದು ತೀರ್ಮಾನಿಸಲು. ಇನ್ನು ಎಚ್-ಇಂಡೆಕ್ಸ್ 2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಲೆಕ್ಕ. ತಲಾ ಕನಿಷ್ಠ ಇಪ್ಪತ್ತು ಬಾರಿ ಉಲ್ಲೇಖವಾದ ಇಪ್ಪತ್ತು ಪ್ರಬಂಧಗಳಿದ್ದರೆ ನಿಮ್ಮ ಅಂಕಿ ಇಪ್ಪತ್ತು. ಜೀವಮಾನದಲ್ಲಿ ಐದೇ ಪ್ರಬಂಧ ಬರೆದು ಐದೂ ಜಗತ್ತನ್ನು ತಿರುಗಿಸಿದರೂ ನಿಮ್ಮ ಅಂಕಿ ಐದನ್ನು ದಾಟದು.

ಸಿದ್ದೀಕಿಯವರು ಕಡಿಮೆ ಬರೆದವರು. ಒಂದು ಸಮಸ್ಯೆ ಹಿಡಿದರೆ ವರ್ಷಗಟ್ಟಲೆ ಅದರಲ್ಲೇ ಇದ್ದು, ತೃಪ್ತಿಯಾದ ಮೇಲೆ ಬರೆಯುವ ಜಾಯಮಾನ. ಮೇಲಾಗಿ ಚೆನ್ನಾಗಿ ನಡೆಯುತ್ತಿದ್ದ ಕೆಲಸವನ್ನು ನಡುವೆ ಬಿಟ್ಟು ಹೊಸದಕ್ಕೆ ಕೈಹಾಕುವ ಧೈರ್ಯವೂ ಇತ್ತು. 1970ರ ದಶಕದಲ್ಲಿ ಬ್ಯಾಕ್ಟೀರಿಯಾ ಬಿಟ್ಟು ನೊಣ ಹಿಡಿದರು. ಬಾಳೆಹಣ್ಣು ಸ್ವಲ್ಪ ಮಾಗಿದರೆ ಸಾಕು, ಎಲ್ಲಿಂದಲೋ ಬಂದು ಮುತ್ತುವ ಆ ಸಣ್ಣ ಹಣ್ಣುನೊಣ. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಬೆಂಜರ್ ಜೊತೆ ಸೇರಿ ಅವರು ನೋಡಿದ್ದು ಬಿಸಿ ತಾಗಿದರೆ ಪಾರ್ಶ್ವವಾಯು ಬಡಿದಂತೆ ಬಿದ್ದುಬಿಡುವ ನೊಣಗಳನ್ನು. ತಂಪಿಗೆ ತಂದರೆ ಮತ್ತೆ ಎದ್ದು ಓಡಾಡುತ್ತವೆ. ಜೀನಿನಲ್ಲಿ ಒಂದು ಸಣ್ಣ ತಪ್ಪು, ಬಿಸಿಯಲ್ಲಿ ನರಗಳ ಕೆಲಸ ನಿಲ್ಲುತ್ತದೆ. 1976ರ ಆ ಪ್ರಬಂಧದಲ್ಲಿ ಹೆಸರಿಸಿದ ಒಂದು ಜೀನು 'ಕೊಮಟೋಸ್', ಎಂದರೆ ಕೋಮಾದಲ್ಲಿರುವಂಥದ್ದು. ಆ ಜೀನು ಏನು ಮಾಡುತ್ತದೆ ಎಂಬುದು ಗೊತ್ತಾದದ್ದು 1990ರ ದಶಕದ ನಡುವಿನಲ್ಲಿ, ಬೇರೆಯವರ ಕೈಯಲ್ಲಿ. ಜೀವಕೋಶದೊಳಗೆ ಸರಕು ಸಾಗಿಸುವ ಪುಟ್ಟ ಚೀಲಗಳು ಬಂದು ಕೂಡಿಕೊಳ್ಳುವುದಕ್ಕೆ ನೆರವಾಗುವ ಪ್ರೋಟೀನೊಂದನ್ನು ಅದು ತಯಾರಿಸುತ್ತದೆ. ಆ ಸಾಗಾಟದ ರಹಸ್ಯ ಬಿಡಿಸಿದ್ದಕ್ಕೆ 2013ರಲ್ಲಿ ಬೇರೆ ಮೂವರಿಗೆ ನೊಬೆಲ್ ದೊರೆಯಿತು. ಬಿತ್ತಿದ್ದು 1976ರಲ್ಲಿ, ಅದರ ಅರ್ಥ ಹೊರಬಂದದ್ದು ಸುಮಾರು ಇಪ್ಪತ್ತು ವರ್ಷದ ಮೇಲೆ. ಎರಡು ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಇದು ಕಾಣುವುದಾದರೂ ಹೇಗೆ?

ಇನ್ನೊಂದು ಪ್ರಬಂಧದ ಕಥೆ ನಮಗೆ ಇದಕ್ಕಿಂತಲೂ ಇಷ್ಟ. ವೆರೋನಿಕಾ ರಾಡ್ರಿಗಸ್ ಎಂಬ ಹುಡುಗಿ ಕೀನ್ಯಾದಲ್ಲಿ ಹುಟ್ಟಿದ ಗೋವಾ ಮೂಲದವಳು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದುತ್ತಿದ್ದಾಗ ಸಿದ್ದೀಕಿಯವರ ಒಂದು ಪ್ರಬಂಧ ಅವಳ ಕಣ್ಣಿಗೆ ಬಿತ್ತು. ಪತ್ರ ಬರೆದಳು. ಯುರೋಪಿನಲ್ಲಿದ್ದವಳು ಸಂಶೋಧನೆಗೆಂದು ಮುಂಬಯಿಗೆ ಬಂದಳು. ನಾವು ಒಂದು ಪ್ರಬಂಧದ ಪರಿಣಾಮ ಎನ್ನುವುದು ಇದನ್ನು. ಯಾವ ಸೈಟೇಶನ್ ಇಂಡೆಕ್ಸಿನಲ್ಲೂ ಆ ಪತ್ರಕ್ಕೆ ಅಂಕವಿಲ್ಲ.

ನೊಣಕ್ಕೆ ರುಚಿಯೂ ವಾಸನೆಯೂ ತಿಳಿಯುವುದು ಹೇಗೆ ಎಂಬುದನ್ನು ಗುರು ಶಿಷ್ಯೆ ಹಿಡಿದರು. ಸಕ್ಕರೆಗೆ ಓಡಿಬರುವುದು, ಕ್ವಿನೈನ್‌ನ ಕಹಿಗೆ ಹಿಮ್ಮೆಟ್ಟುವುದು ನೊಣದ ಸಹಜ ಗುಣ. ಹಾಗೆ ಮಾಡದ ನೊಣಗಳನ್ನು ಹೆಕ್ಕಿ ತೆಗೆದು, ಯಾವ ಜೀನು ಕೆಟ್ಟಿದೆ ಎಂದು ಹುಡುಕಿದರು. ಜೀನುಗಳ ಮೂಲಕ ರುಚಿ ಮತ್ತು ವಾಸನೆಯ ದಾರಿಯನ್ನು ಬಿಡಿಸುವ ಆರಂಭದ ಕೆಲಸಗಳಲ್ಲಿ ಇದೊಂದು. 1978ರಲ್ಲಿ ಅದನ್ನು ಪ್ರಕಟಿಸಿದ್ದು ಲಂಡನ್ನಿನಲ್ಲಲ್ಲ, ನ್ಯೂಯಾರ್ಕಿನಲ್ಲಲ್ಲ. ನಮ್ಮ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ 'ಪ್ರೊಸೀಡಿಂಗ್ಸ್'ನಲ್ಲಿ. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಅಕಾಡೆಮಿ ಅದು. ಅಂಥ ದೇಶೀ ಪತ್ರಿಕೆಗೆ ಪ್ರಬಂಧ ಕೊಡುವುದೆಂದರೆ ಅಂಕಿಯ ಲೆಕ್ಕದಲ್ಲಿ ನಷ್ಟದ ವ್ಯಾಪಾರ. ಆದರೂ ಆ ವಿಷಯದ ಚರಿತ್ರೆ ಬರೆಯುವವರು ಅಲ್ಲಿಗೆ ಬರಲೇಬೇಕಾಗಿದೆ. ಮುಂದೆ 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಸಸ್ತನಿಗಳಲ್ಲಿ ವಾಸನೆ ಹಿಡಿಯುವ ಜೀನುಗಳನ್ನು ಕಂಡುಹಿಡಿದರು, 2004ರಲ್ಲಿ ನೊಬೆಲ್ ಪಡೆದರು. ನೊಣದಲ್ಲಿ ಅಂಥ ಜೀನುಗಳು ಸಿಕ್ಕಿದ್ದು 1999ರಲ್ಲಿ.

ಹಾಗಾದರೆ ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗಳನ್ನು ಪಡೆದ ಪ್ರಬಂಧ ಯಾವುದು? 2014ರಲ್ಲಿ 'ನೇಚರ್' ಪತ್ರಿಕೆ ಲೆಕ್ಕಹಾಕಿತು. ಮೊದಲ ಸ್ಥಾನ 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದದ್ದಕ್ಕೆ: 3,05,000ಕ್ಕೂ ಹೆಚ್ಚು ಉಲ್ಲೇಖಗಳು. ಅದರಲ್ಲಿರುವುದು ಒಂದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ. ಎರಡನೆಯದು, ಮೂರನೆಯದೂ ಪ್ರೋಟೀನ್ ಪ್ರಯೋಗಾಲಯದ ಕೈಕೆಲಸದ ವಿಧಾನಗಳೇ. ಡಿಎನ್ಎ ಸುರುಳಿಯ ರಚನೆ ತೋರಿಸಿದ ವಾಟ್ಸನ್ ಮತ್ತು ಕ್ರಿಕ್‌ರ 1953ರ ಪ್ರಬಂಧಕ್ಕೆ ಮೊದಲ ನೂರರಲ್ಲಿ ಜಾಗವೇ ಇಲ್ಲ! ಲೌರಿಯವರೇ, ಅದೇನೂ ಮಹಾ ಪ್ರಬಂಧವಲ್ಲ ಎಂದು ನಗುತ್ತ ಒಪ್ಪಿಕೊಂಡಿದ್ದರು. ಮದುವೆ ಮನೆಯ ಅಡಿಗೆಯಲ್ಲಿ ಅತಿ ಹೆಚ್ಚು ಬಳಕೆಯಾದದ್ದು ಸೌಟು. ಹಾಗೆಂದು ಬಿರಿಯಾನಿಯ ಹೊಗಳಿಕೆಯನ್ನೆಲ್ಲ ಸೌಟಿಗೆ ಸಲ್ಲಿಸುವವರು ಯಾರೂ ಇಲ್ಲ. ಸೌಟು ಬೇಡ ಎಂದಲ್ಲ.

ಇದಕ್ಕೆ ತಿರುಗಾಮುರುಗಾ ಎನ್ನುವಂಥದ್ದೂ ಉಂಟು. ಜ್ಞಾನ ಎಲ್ಲರ ಸೊತ್ತಾಗಿಬಿಟ್ಟರೆ ಹವಾಲಾ ಕೊಡುವುದು ನಿಂತುಹೋಗುತ್ತದೆ. ಜಿ.ಎನ್. ರಾಮಚಂದ್ರನ್ ಮದರಾಸಿನಲ್ಲಿದ್ದಾಗ 1963ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ 'ರಾಮಚಂದ್ರನ್ ಪ್ಲಾಟ್' ಪ್ರೋಟೀನ್ ರಚನೆ ಓದುವ ಪ್ರತಿಯೊಬ್ಬರ ಪಾಠ; ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಆ ಚಿತ್ರ ಬಳಸುವ ಎಷ್ಟೋ ಮಂದಿ ಹೆಸರು ಹೇಳಿ ಮುಂದೆ ಹೋಗುತ್ತಾರೆ, ಮೂಲ ಪ್ರಬಂಧವನ್ನು ಉಲ್ಲೇಖಿಸುವುದಿಲ್ಲ. ಪೂರ್ಣವಿರಾಮದ ಪದಗಳ ಬಗ್ಗೆ ಇಂದು ಬರೆಯುವವರಲ್ಲಿ ಗೇರನ್ ಮತ್ತು ಸಿದ್ದೀಕಿಯವರನ್ನು ನೆನೆಯುವವರು ಎಷ್ಟು ಮಂದಿ? ಋಣ ದೊಡ್ಡದಾದಷ್ಟೂ ಸಾಲಪತ್ರ ಕಳೆದುಹೋಗುತ್ತದೆ.

ಇಲ್ಲಿ ನಮಗೆ ಹದೀಸ್ ಶಾಸ್ತ್ರದ ಒಂದು ಸಂಗತಿ ನೆನಪಾಗುತ್ತದೆ. ಪ್ರವಾದಿ ಮುಹಮ್ಮದ್(ಸ)ರ ಮಾತನ್ನು ಯಾರು ಯಾರಿಂದ ಕೇಳಿದರು ಎಂಬ ಸರಪಳಿಗೆ ಸನದ್ ಎನ್ನುತ್ತಾರೆ. ಉಲ್ಲೇಖದ ಪದ್ಧತಿಯನ್ನು ಇಷ್ಟು ಶಿಸ್ತಿನಿಂದ ನಡೆಸಿದ ಪರಂಪರೆ ಅಪರೂಪ. ಕ್ರಿ.ಶ. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿ ತಮ್ಮ ಸಂಗ್ರಹದ ಬಾಗಿಲಲ್ಲೇ ಇಟ್ಟದ್ದು, ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆ ಎಂಬ ಅರ್ಥದ ಹದೀಸನ್ನು. ಮದ್ರಸಾದ ಮಕ್ಕಳೂ ಅದನ್ನು ಬಲ್ಲರು. ಅದರ ಸನದನ್ನು ನೋಡಿ. ಹಝ್ರತ್ ಉಮರ್(ರ)ರಿಂದ ಕೇಳಿದವರು ಅಲ್ಕಮಾ ಒಬ್ಬರೇ. ಅವರಿಂದ ಮುಹಮ್ಮದ್ ಬಿನ್ ಇಬ್ರಾಹೀಮ್ ಒಬ್ಬರೇ. ಅವರಿಂದ ಯಹ್ಯಾ ಬಿನ್ ಸಈದ್ ಒಬ್ಬರೇ. ಆಮೇಲೆ ಯಹ್ಯಾ ಅವರಿಂದ ಕೇಳಿದವರು ಲೆಕ್ಕವಿಲ್ಲದಷ್ಟು. ಅಷ್ಟು ದೂರದವರೆಗೆ ಒಂದೊಂದೇ ಎಳೆಯಲ್ಲಿ ಬಂದ ಮಾತನ್ನು ವಿದ್ವಾಂಸರು ಸಂಖ್ಯೆ ಕಡಿಮೆ ಎಂದು ಬದಿಗಿಡಲಿಲ್ಲ. ಪ್ರತಿ ಎಳೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ ಒಪ್ಪಿದರು. ಇನ್ನೊಂದು ಕಡೆ, ಹತ್ತು ದಾರಿಗಳಲ್ಲಿ ಬಂದರೂ ಹತ್ತರಲ್ಲೂ ಸುಳ್ಳುಗಾರರು ಕೂತಿದ್ದರೆ ಅಂಥದ್ದನ್ನು ಎಸೆದರು. ಹೆಚ್ಚು ಸರಪಳಿಗಳಿಗೆ ಬೆಲೆಯಿಲ್ಲ ಎಂದು ಅವರೂ ಹೇಳಲಿಲ್ಲ. ಎಣಿಸುವ ಮೊದಲು ಒಬ್ಬೊಬ್ಬರನ್ನೂ ತೂಗಿ ನೋಡುತ್ತಿದ್ದರು. ಅದಕ್ಕಾಗಿ ಒಂದೊಂದು ಹದೀಸಿನ ಬೆನ್ನುಹತ್ತಿ ತಿಂಗಳುಗಟ್ಟಲೆ ಪ್ರಯಾಣ ಮಾಡಿದವರಿದ್ದಾರೆ.

ನಮ್ಮ ವಿಶ್ವವಿದ್ಯಾಲಯಗಳಿಗೆ ಅಷ್ಟು ಪುರುಸೊತ್ತು ಇರಲಿಲ್ಲ. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿ ತಂದಿತು. ಪ್ರಬಂಧಕ್ಕೆ ಇಷ್ಟು ಅಂಕ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿದ್ದಷ್ಟೂ ಮೇಲೆ ಇಷ್ಟು. ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಪ್ರಬಂಧ ಪ್ರಕಟಿಸುವುದು ಕಡ್ಡಾಯವಾಗಿತ್ತು. ದುಡ್ಡು ಕೊಟ್ಟರೆ ಏನನ್ನೂ ಅಚ್ಚುಹಾಕುವ ಪತ್ರಿಕೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. 2022ರಲ್ಲಿ ಪಿಎಚ್.ಡಿ.ಗೆ ಪ್ರಕಟಣೆಯ ಕಡ್ಡಾಯ ಹೋಯಿತು. ಕಳ್ಳ ಪತ್ರಿಕೆಗಳನ್ನು ತಡೆಯಲೆಂದು ತಂದ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ನಮ್ಮ ಪರಿಚಯದ ಒಬ್ಬ ಯುವ ಉಪನ್ಯಾಸಕರು ತಿಂಗಳ ಸಂಬಳದ ಅರ್ಧ ಕೊಟ್ಟು ಒಂದು ಪ್ರಬಂಧ ಅಚ್ಚುಹಾಕಿಸಿ, ಅದನ್ನು ನಮಗೆ ತೋರಿಸಲು ನಾಚಿ ಬೀರುವಿನಲ್ಲಿಟ್ಟಿದ್ದಾರೆ. ಹೆಂಡತಿಗೂ ಹೇಳಿಲ್ಲವಂತೆ.

ನಮ್ಮವರ ಬಗ್ಗೆಯೂ ಹೇಳಿಬಿಡಬೇಕು. 2011ರಲ್ಲಿ 'ಸೈನ್ಸ್' ಪತ್ರಿಕೆ ಸೌದಿ ಅರೇಬಿಯದ ವಿಶ್ವವಿದ್ಯಾಲಯಗಳ ಒಂದು ವ್ಯವಹಾರವನ್ನು ಬಯಲಿಗೆಳೆಯಿತು. ಬಹಳ ಉಲ್ಲೇಖಗಳನ್ನು ಪಡೆದ ವಿದೇಶಿ ವಿಜ್ಞಾನಿಗಳಿಗೆ ತಿಂಗಳಿಗೆ ಸಾವಿರಾರು ಡಾಲರ್ ಕೊಡುವುದು. ಅವರು ವರ್ಷಕ್ಕೆ ಒಂದೆರಡು ವಾರ ಬಂದುಹೋದರೆ ಸಾಕು, ತಮ್ಮ ಹೆಸರಿನ ಜೊತೆ ಅಲ್ಲಿನ ವಿಳಾಸವನ್ನೂ ಬರೆದುಕೊಳ್ಳಬೇಕು. ವಿಶ್ವವಿದ್ಯಾಲಯದ ಸ್ಥಾನ ಮೇಲೇರುತ್ತದೆ. 2023ರಲ್ಲಿ ಸ್ಪೇನಿನ 'ಎಲ್ ಪಾಯಿಸ್' ಪತ್ರಿಕೆ ಇಂಥದೇ ವ್ಯವಹಾರವನ್ನು ಮತ್ತೆ ವರದಿ ಮಾಡಿತು. ಮುಸ್ಲಿಂ ಜಗತ್ತಿನಲ್ಲಿ ವಿಜ್ಞಾನ ಮತ್ತೆ ಅರಳುತ್ತಿದೆ ಎಂದು ನಮ್ಮ ಸಭೆಗಳಲ್ಲಿ ಭಾಷಣ ಮಾಡುವವರು ಎತ್ತಿ ತೋರಿಸುವ ರ‍್ಯಾಂಕಿಂಗುಗಳಲ್ಲಿ ಈ ಬಾಡಿಗೆ ವಿಳಾಸಗಳೂ ಸೇರಿರುತ್ತವೆ. ಕನ್ನಡ ಪತ್ರಿಕೆಯ ಹವಾಲಾ ಎಂಬ ಅರ್ಥ ಈಗ ಉರ್ದುವಿನ ಹವಾಲಾದೊಳಗೂ ಬಂದು ಕೂತಿದೆ.

ವಿಜ್ಞಾನಿಗಳಿಗೆ ಇದು ತಿಳಿಯದೆ ಇಲ್ಲ. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ್ದ ಕೋಶವಿಜ್ಞಾನಿಗಳೂ ಸಂಪಾದಕರೂ ಒಂದು ಘೋಷಣೆ ಸಿದ್ಧಪಡಿಸಿದರು: ಪತ್ರಿಕೆಯ ಅಂಕಿ ನೋಡಿ ಮನುಷ್ಯನನ್ನು ಅಳೆಯಬೇಡಿ, ಅವನ ಕೆಲಸವನ್ನು ನೋಡಿ ಎಂಬುದು ಅದರ ಸಾರ. 2013ರ ಮೇ ತಿಂಗಳಲ್ಲಿ ಅದು ಪ್ರಕಟವಾಯಿತು. ಸಾವಿರಾರು ಸಹಿಗಳು ಬಿದ್ದವು. ಸಹಿ ಮಾಡಿದವರೇ ಬೆಳಗಾದರೆ ತಮ್ಮ ಅಂಕಿ ನೋಡಿಕೊಳ್ಳುತ್ತಾರೆ ಎಂದು ನಮ್ಮ ಹುಡುಗ ಹೇಳುತ್ತಾನೆ.

ಆ ಹೊತ್ತಿಗೆ ಸಿದ್ದೀಕಿ ಎಂಬತ್ತೊಂದರ ಹಿರಿಯರು. 1990ರ ದಶಕದ ಆರಂಭದಲ್ಲಿ ಅವರು ಟಿಐಎಫ್‌ಆರ್‌ನ ಅಂಗವಾಗಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು, ಎಲ್ಲರೂ ಎನ್‌ಸಿಬಿಎಸ್ ಎಂದು ಕರೆಯುವ ಸಂಸ್ಥೆಯನ್ನು, ಕಟ್ಟಿದ್ದರು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಅದು ಇವತ್ತೂ ಇದೆ. ರಾಡ್ರಿಗಸ್ ಕೂಡ ಮುಂದೆ ಅಲ್ಲಿಗೆ ಬಂದು ತಮ್ಮದೇ ಶಿಷ್ಯರನ್ನು ಬೆಳೆಸಿದರು. 2010ರಲ್ಲಿ, ಗುರುವಿಗಿಂತ ಮೊದಲೇ, ತೀರಿಕೊಂಡರು. ಸಿದ್ದೀಕಿ 1984ರಲ್ಲಿ ರಾಯಲ್ ಸೊಸೈಟಿಯ ಫೆಲೋ, 2006ರಲ್ಲಿ ಪದ್ಮವಿಭೂಷಣ. ಪತ್ನಿ ಆಸಿಯಾ ಸಿದ್ದೀಕಿ ಹೆಸರಾಂತ ಆರ್ಥಿಕ ಇತಿಹಾಸಕಾರ್ತಿ. ನಿರ್ದೇಶಕ ಸ್ಥಾನ ಬಿಟ್ಟ ಮೇಲೂ ಅವರು ನೊಣಗಳನ್ನು ಬಿಡಲಿಲ್ಲ. ನೊಣ ಒಂದು ವಾಸನೆಯನ್ನು ಕಲಿತು ನೆನಪಿಡುವುದು ಹೇಗೆ ಎಂದು ಕೊನೆಯವರೆಗೂ ನೋಡುತ್ತಿದ್ದರು. 2013ರ ಜುಲೈನಲ್ಲಿ ಬೆಂಗಳೂರಿನಲ್ಲಿ ರಸ್ತೆ ಅಪಘಾತಕ್ಕೆ ಸಿಲುಕಿ ಆ ತಿಂಗಳ 26ರಂದು ನಿಧನರಾದರು. ಅವರ ಕಾಗದಪತ್ರಗಳು ಈಗ ಎನ್‌ಸಿಬಿಎಸ್‌ನ ಆರ್ಕೈವ್ಸ್‌ನಲ್ಲಿವೆ.

ತಂಗಿಯ ಮಗನ ಪ್ರಶ್ನೆಗೆ ನಾವು ಉತ್ತರವಾಗಿ ಒಂದು ಅಂಕಿಯನ್ನು ಹುಡುಕಿಕೊಡಲಿಲ್ಲ. 1978ರ ಆ ಬೆಂಗಳೂರಿನ ಪ್ರಬಂಧ ಅಕಾಡೆಮಿಯ ಹಳೆಯ ಸಂಚಿಕೆಗಳಲ್ಲಿ ಯಾರು ಬೇಕಾದರೂ ಓದುವಂತೆ ಸಿಗುತ್ತದೆ, ಓದು ಎಂದೆವು. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಇಶಾ ನಮಾಜಿನ ನಂತರ ಫೋನ್ ಬಂತು. ನೊಣಗಳನ್ನು ಬೇರ್ಪಡಿಸಲು ಅವರು ಬಳಸಿದ ಉಪಾಯ ಬಲು ಸರಳವಾಗಿದೆ, ನಮ್ಮ ಲ್ಯಾಬಿನಲ್ಲೂ ಮಾಡಬಹುದು ಎಂದ. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದ: "ಮಾಮೂ, ಮೊದಲ ಹೆಸರು ಆ ವಿದ್ಯಾರ್ಥಿನಿಯದು. ಸಾಹೇಬರ ಹೆಸರು ಆಮೇಲೆ."